ಆ ಗೆರೆಯನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಬೇಡಿ
ಶಾಲಾ ಪಠ್ಯಪುಸ್ತಕ ಬರೆಯುವ ಹಿರಿಯರಿಗೆ ಒಂದು ಬಹಿರಂಗ ಪತ್ರ

ಗೌರವಾನ್ವಿತರೇ,

ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ನೀವು ಬರೆದ ಪುಸ್ತಕ ಹಿಡಿದು ದಿನಾ ಮಕ್ಕಳ ಮುಂದೆ ನಿಲ್ಲುವವಳು. ದೇಶ ವಿಭಜನೆಯ ಪಾಠವನ್ನು ಇಷ್ಟು ವರ್ಷ ನಾನು ಒಂದೇ ಪೀರಿಯಡ್‌ನಲ್ಲಿ ಮುಗಿಸುತ್ತಿದ್ದೆ. ಹಾಗೆ ಮುಗಿಸಿದ್ದು ತಪ್ಪು ಅಂತ ನನಗೆ ಗೊತ್ತಾಗಿದ್ದು ಒಬ್ಬ ಹುಡುಗಿಯಿಂದ. ಅದನ್ನು ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ.

ಕಳೆದ ವರ್ಷ ಹತ್ತನೇ ಕ್ಲಾಸಿನಲ್ಲಿ 1947ರ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಯಥಾಪ್ರಕಾರ ಬರೆದೆ. ಮೌಂಟ್‌ಬ್ಯಾಟನ್ ಯೋಜನೆ, ಎರಡು ದೇಶ, ಆಗಸ್ಟ್ 15. ಮಕ್ಕಳ ಮುಂದೆ ಔಟ್‌ಲೈನ್ ಮ್ಯಾಪ್ ಇತ್ತು. ಗಡಿ ಎಳೆಯಿರಿ ಅಂದೆ. ಆ ಹುಡುಗಿ ಕೆಂಪು ಸ್ಕೆಚ್ ಪೆನ್ ತೆಗೆದು ಮೇಲಿನಿಂದ ಕೆಳಗೆ ಗೆರೆ ಎಳೆದಳು. ಆಮೇಲೆ ಸ್ಕೇಲ್ ಇಟ್ಟು ಏನೋ ಅಳೆಯುತ್ತಾ ಕೂತಳು. ಹತ್ತಿರ ಹೋದೆ.

"ಮಿಸ್, ಈ ಮ್ಯಾಪಲ್ಲಿ 1 ಸೆಂಟಿಮೀಟರ್ ಅಂದ್ರೆ 200 ಕಿಲೋಮೀಟರ್ ಅಲ್ವಾ? ನನ್ನ ಗೆರೆ 1 ಮಿಲಿಮೀಟರ್ ದಪ್ಪ ಇದೆ. ಅಂದ್ರೆ 20 ಕಿಲೋಮೀಟರ್. ಆ ಗೆರೆ ಒಳಗೆ ಮನೆ ಇದ್ದವರು ಯಾವ ಕಡೆ ಹೋದ್ರು ಮಿಸ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಆ ಗೆರೆ ಎಳೆದಿದ್ದು ಯಾರು?" ಅಂತ ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ. ಹೆಸರು ಗೊತ್ತಿತ್ತು, ಹೇಳಿದೆ. ಹೆಸರಿನ ಆಚೆ ಏನೂ ಹೇಳಲು ಬರಲಿಲ್ಲ. ಅವತ್ತಿನಿಂದ ಸಿಕ್ಕಿದ್ದೆಲ್ಲ ಓದಲು ಶುರು ಮಾಡಿದೆ. ಓದಿದಷ್ಟೂ, ಇದನ್ನು ಮಕ್ಕಳಿಗೆ ಯಾಕೆ ಹೇಳಲಿಲ್ಲ ಅನ್ನುವ ಸಂಕಟ ಜಾಸ್ತಿಯಾಯಿತು.

ಆ ಗೆರೆ ಎಳೆದವರು ಸಿರಿಲ್ ರ‍್ಯಾಡ್‌ಕ್ಲಿಫ್. ಲಂಡನ್ನಿನ ದೊಡ್ಡ ವಕೀಲರು. ಅಲ್ಲಿಯವರೆಗೆ ಒಮ್ಮೆಯೂ ಭಾರತಕ್ಕೆ ಬಂದವರಲ್ಲ. ಹಾಗೆ ಬಾರದೇ ಇದ್ದದ್ದೇ ಅವರ ಅರ್ಹತೆ ಆಯಿತು, ಯಾಕೆಂದರೆ ಪರಿಚಯ ಇಲ್ಲದವರು ಪಕ್ಷಪಾತ ಮಾಡುವುದಿಲ್ಲ ಅನ್ನುವ ವಾದ ಇತ್ತು. 1947ರ ಜುಲೈ 8ಕ್ಕೆ ದೆಹಲಿಗೆ ಬಂದರು. ಪಂಜಾಬ್ ಮತ್ತು ಬಂಗಾಳ ಎರಡನ್ನೂ ಸೀಳುವ ಕೆಲಸ ಅವರದ್ದು. ಸಿಕ್ಕಿದ್ದು ಸುಮಾರು 5 ವಾರ. ನಮ್ಮಲ್ಲಿ ಅಣ್ಣತಮ್ಮಂದಿರು ಎರಡು ಎಕರೆ ಹೊಲ ಪಾಲು ಮಾಡಿಕೊಳ್ಳುವಾಗಲೂ ಸರ್ವೇಯರ್ ಬರುತ್ತಾರೆ, ಸರಪಳಿ ಹಿಡಿಯುತ್ತಾರೆ, ಬದು ನೋಡುತ್ತಾರೆ, ಊರ ಹಿರಿಯರು ಸಾಕ್ಷಿಗೆ ನಿಲ್ಲುತ್ತಾರೆ. ಇಲ್ಲಿ ಕೋಟಿಗಟ್ಟಲೆ ಜನರ ನೆಲಕ್ಕೆ ಅಷ್ಟೂ ನಡೆಯಲಿಲ್ಲ.

ಎರಡು ಗಡಿ ಆಯೋಗಗಳಿದ್ದವು. ಒಂದೊಂದರಲ್ಲೂ ನಾಲ್ಕು ಮಂದಿ ನ್ಯಾಯಾಧೀಶರು. ಇಬ್ಬರು ಕಾಂಗ್ರೆಸ್ ಕಡೆಯಿಂದ, ಇಬ್ಬರು ಮುಸ್ಲಿಂ ಲೀಗ್ ಕಡೆಯಿಂದ. ಅವರು ಎರಡು ಪಾಲಾಗಿ ನಿಂತರು, ಹಾಗಾಗಿ ಕೊನೆಯ ಮಾತು ರ‍್ಯಾಡ್‌ಕ್ಲಿಫ್ ಒಬ್ಬರದ್ದೇ ಆಯಿತು. ಲಾಹೋರ್ ಮತ್ತು ಕಲ್ಕತ್ತಾದಲ್ಲಿ ಸಾರ್ವಜನಿಕರ ವಾದ ಕೇಳುವ ಕಲಾಪ ನಡೆದಾಗ ಅವರು ಅಲ್ಲಿ ಕೂತಿರಲಿಲ್ಲ. ದಿನದ ವರದಿ ಅವರ ಮೇಜಿಗೆ ಹೋಗುತ್ತಿತ್ತು. ಮುಂದೆ 1941ರ ಜನಗಣತಿಯ ಅಂಕಿಗಳಿದ್ದವು, ನಕ್ಷೆಗಳಿದ್ದವು. ನದಿ, ಕಾಲುವೆ, ರೈಲು ಹಳಿ, ಸಂತೆಯ ದಾರಿ, ಇವೆಲ್ಲ ಕಾಗದದ ಮೇಲಿನ ಗೀಟುಗಳು.

ಇಷ್ಟು ಅವಸರ ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. 1947ರ ಫೆಬ್ರವರಿಯಲ್ಲಿ ಬ್ರಿಟನ್ ಪ್ರಧಾನಿ ಆಟ್ಲಿ ಹೇಳಿದ್ದು 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ. ದೇಶ ಒಡೆಯುವ ಜೂನ್ 3ರ ಯೋಜನೆಯ ಹೊತ್ತಿಗೆ ವೈಸರಾಯ್ ಮೌಂಟ್‌ಬ್ಯಾಟನ್ ಅದನ್ನು ಆಗಸ್ಟ್ 15ಕ್ಕೆ ಎಳೆದು ತಂದರು. ಉಳಿದಿದ್ದು 73 ದಿನ. ಸೈನ್ಯ, ಖಜಾನೆ, ರೈಲು, ಕಡತ, ಕುರ್ಚಿ ಮೇಜು ಎಲ್ಲ ಪಾಲಾಗಬೇಕಿತ್ತು. ಹಣ, ಸಾಲದ ವಿಷಯದಲ್ಲಿ ಭಾರತಕ್ಕೆ 82.5, ಪಾಕಿಸ್ತಾನಕ್ಕೆ 17.5 ಪರ್ಸೆಂಟ್ ಅಂತ ಲೆಕ್ಕ ಇತ್ತು. ಮನುಷ್ಯರಿಗೆ ಮಾತ್ರ ಯಾವ ಸಿದ್ಧತೆಯೂ ಇರಲಿಲ್ಲ. ಊರು ಬಿಟ್ಟು ಜನ ಹೊರಡುತ್ತಾರೆ ಅನ್ನುವುದನ್ನೇ ದೊಡ್ಡವರು ಎಣಿಸಿರಲಿಲ್ಲ. ಹೊರಟವರು ಕೋಟಿಗೂ ಮಿಕ್ಕಿ. ಸತ್ತವರು 2 ಲಕ್ಷ ಅನ್ನುವವರಿಂದ 20 ಲಕ್ಷ ಅನ್ನುವವರ ತನಕ ಇದ್ದಾರೆ. ಆ ಎರಡು ಅಂಕಿಗಳ ನಡುವೆ ಎಷ್ಟು ದೊಡ್ಡ ಅಂತರ ಇದೆ ನೋಡಿ. ಸತ್ತವರನ್ನು ಎಣಿಸುವ ಕೆಲಸವನ್ನೂ ಯಾರೂ ಮಾಡಲಿಲ್ಲ ಅಂತ ಅದರ ಅರ್ಥ.

ನನ್ನನ್ನು ಎಲ್ಲಕ್ಕಿಂತ ಕಲಕಿದ್ದು ಆ ಮೂರು ದಿನಗಳ ಕಥೆ. ಗಡಿ ತೀರ್ಪು ಆಗಸ್ಟ್ 15ಕ್ಕೆ ಮುಂಚೆಯೇ ತಯಾರಾಗಿತ್ತು. ಆದರೆ ಹೊರಬಿದ್ದಿದ್ದು 17ಕ್ಕೆ. ಮೊದಲೇ ಗೊತ್ತಾದರೆ ಗಲಭೆಯ ಹೊಣೆ ಬ್ರಿಟಿಷರ ತಲೆಗೆ ಬರುತ್ತದೆ ಅನ್ನುವ ಲೆಕ್ಕಾಚಾರ ವೈಸರಾಯ್ ಕಚೇರಿಯ ಕಡತಗಳಲ್ಲೇ ಇದೆ. ಹಾಗಾಗಿ ಸ್ವಾತಂತ್ರ್ಯ ಬಂದ ದಿನ ಎಷ್ಟೋ ಜಿಲ್ಲೆಗಳ ಜನರಿಗೆ ತಾವು ಯಾವ ದೇಶದವರು ಅನ್ನುವುದೇ ಗೊತ್ತಿರಲಿಲ್ಲ. ಬಂಗಾಳದ ಮುರ್ಷಿದಾಬಾದ್, ಮಾಲ್ಡಾಗಳಲ್ಲಿ ಪಾಕಿಸ್ತಾನದ ಬಾವುಟ ಹಾರಿತು. ಖುಲ್ನಾದಲ್ಲಿ ತ್ರಿವರ್ಣ ಧ್ವಜ ಹಾರಿತು. ತೀರ್ಪು ಬಂದ ಮೇಲೆ ಎರಡೂ ಅದಲುಬದಲು. ಇವತ್ತಿಗೂ ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಶಿಬ್‌ನಿಬಾಸ್ ಅನ್ನುವ ಊರಲ್ಲಿ ಆಗಸ್ಟ್ 18ಕ್ಕೆ ಬಾವುಟ ಹಾರಿಸುತ್ತಾರೆ. ಅವರ ಸ್ವಾತಂತ್ರ್ಯ ಆ ದಿನ ಬಂದಿದ್ದು.

ರ‍್ಯಾಡ್‌ಕ್ಲಿಫ್ ತಮ್ಮ ಕಾಗದಪತ್ರಗಳನ್ನು ಸುಟ್ಟು ಊರಿಗೆ ಹೊರಟರು. ಸಂಭಾವನೆ ತೆಗೆದುಕೊಳ್ಳಲಿಲ್ಲ ಅನ್ನುತ್ತಾರೆ. ಹೊರಡುವ ಮುಂಚೆ ಮನೆಯವರಿಗೆ ಬರೆದ ಕಾಗದದಲ್ಲಿ, ಸುಮಾರು 8 ಕೋಟಿ ಜನ ಸಿಟ್ಟಿನಿಂದ ನನ್ನನ್ನು ಹುಡುಕುತ್ತಾರೆ, ಅವರ ಕೈಗೆ ಸಿಗಲು ನನಗೆ ಇಷ್ಟವಿಲ್ಲ ಅಂತ ಬರೆದರು. ಎಷ್ಟೋ ವರ್ಷದ ನಂತರ ಪತ್ರಕರ್ತ ಕುಲದೀಪ್ ನಯ್ಯರ್ ಹೋಗಿ ರ‍್ಯಾಡ್‌ಕ್ಲಿಫ್ ಅವರನ್ನು ಭೇಟಿಯಾದಾಗ ಲಾಹೋರಿನ ಮಾತು ಬಂತು. ಲಾಹೋರನ್ನು ಭಾರತಕ್ಕೇ ಕೊಡುತ್ತಿದ್ದೆ, ಆದರೆ ಪಾಕಿಸ್ತಾನಕ್ಕೆ ಬೇರೆ ದೊಡ್ಡ ನಗರ ಇರಲಿಲ್ಲ ಅಂದರಂತೆ. ಒಂದು ನಗರ, ಅದರ ಗಲ್ಲಿಗಳು, ಅಂಗಡಿಗಳು, ಕಾಲೇಜುಗಳು, ಅಲ್ಲಿ ಹುಟ್ಟಿ ಬೆಳೆದವರು. ಎಲ್ಲ ಆ ಒಂದು ಯೋಚನೆಯ ಮೇಲೆ ನಿಂತಿತ್ತು. ಲಾಹೋರಿಗೂ ಅಮೃತಸರಕ್ಕೂ ಸುಮಾರು 50 ಕಿಲೋಮೀಟರ್. ನನ್ನ ಹುಡುಗಿಯ ಮ್ಯಾಪಲ್ಲಿ ಎರಡೂವರೆ ಮಿಲಿಮೀಟರ್. ಗುರು ನಾನಕರು ಕೊನೆಯ ದಿನಗಳನ್ನು ಕಳೆದ ಕರ್ತಾರ್‌ಪುರ ಗಡಿಯಾಚೆ ನಾಲ್ಕೈದು ಕಿಲೋಮೀಟರ್ ಅಷ್ಟೆ. ಅದು ಪೂರ್ತಿ ಅವಳ ಕೆಂಪು ಶಾಯಿಯೊಳಗೇ ಮುಳುಗಿಹೋಗಿದೆ. ಆ ಗುರುದ್ವಾರವನ್ನು ಈ ಕಡೆಯ ಸಿಖ್ಖರು ಎಷ್ಟೋ ವರ್ಷ ದುರ್ಬೀನಿನಲ್ಲಿ ನೋಡಿ ಕೈಮುಗಿದು ವಾಪಸಾಗುತ್ತಿದ್ದರು. ದಾರಿ ತೆರೆದಿದ್ದು 2019ರ ನವೆಂಬರ್ 9ರಂದು.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದನ್ನು ಹೇಳದೆ ಬಿಟ್ಟಾಗ ಮಕ್ಕಳ ತಲೆ ಖಾಲಿ ಇರುವುದಿಲ್ಲ. ವಿಭಜನೆ ಯಾಕಾಯಿತು ಅಂತ ಕ್ಲಾಸಿನಲ್ಲಿ ಕೇಳಿ ನೋಡಿ. "ಹಿಂದೂ ಮುಸ್ಲಿಮರಿಗೆ ಆಗಿಬರಲ್ಲ, ಅದಕ್ಕೆ" ಅಂತ ಥಟ್ಟನೆ ಉತ್ತರ ಬರುತ್ತದೆ. ಅದೇ ಬೆಂಚಿನಲ್ಲಿ ಎರಡೂ ಮನೆಯ ಮಕ್ಕಳು ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿರುತ್ತಾರೆ. ಒಮ್ಮೆ ಆ ಉತ್ತರ ಬಂದಾಗ ಒಬ್ಬ ಹುಡುಗ ತಲೆ ತಗ್ಗಿಸಿ ಪೆನ್ಸಿಲ್ ಕೆತ್ತಲು ಶುರು ಮಾಡಿದ. ಪಾಠ ಮುಗಿಯುವ ತನಕ ತಲೆ ಎತ್ತಲಿಲ್ಲ. ನನ್ನ ಪಾಠ ಅವನನ್ನು ಹಾಗೆ ಕೂರಿಸಿತು. ಅದು ನನಗೆ ಇನ್ನೂ ಚುಚ್ಚುತ್ತದೆ.

ಎಲ್ಲವನ್ನೂ ಬ್ರಿಟಿಷರ ಮೇಲೆ ಹಾಕಿ ಕೈ ತೊಳೆದುಕೊಳ್ಳೋಣ ಅಂತ ನಾನು ಹೇಳುತ್ತಿಲ್ಲ. 1946ರ ಆಗಸ್ಟಿನಲ್ಲಿ ಕಲ್ಕತ್ತಾದ ಬೀದಿಯಲ್ಲಿ, ಆಮೇಲೆ ನವಖಾಲಿಯಲ್ಲಿ, ಬಿಹಾರದಲ್ಲಿ, 1947ರ ಮಾರ್ಚಿನಲ್ಲಿ ರಾವಲ್ಪಿಂಡಿಯಲ್ಲಿ ಕತ್ತಿ ಹಿಡಿದವರು ಇಲ್ಲಿಯವರೇ. ಜೂನ್ 3ರ ಯೋಜನೆಗೆ ಒಪ್ಪಿಗೆ ಕೊಟ್ಟವರಲ್ಲಿ ನಮ್ಮ ನಾಯಕರೂ ಇದ್ದರು. ಇದನ್ನೂ ಮಕ್ಕಳಿಗೆ ಹೇಳಬೇಕು. ಆದರೆ ಆ ಕತ್ತಿಗೆ ಸಾಣೆ ಹಿಡಿದ ಐವತ್ತು ಅರವತ್ತು ವರ್ಷದ ಕೆಲಸವನ್ನೂ ಹೇಳಬೇಕಲ್ವಾ? ಜನಗಣತಿಯಲ್ಲಿ ಧರ್ಮದ ಕಾಲಂ ಹಾಕಿ, ಇಲ್ಲಿ ಯಾರು ಜಾಸ್ತಿ ಯಾರು ಕಡಿಮೆ ಅನ್ನುವ ಲೆಕ್ಕವನ್ನೇ ರಾಜಕೀಯ ಮಾಡಿದ್ದು. 1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದಿದ್ದು, ಜನ ಬೀದಿಗಿಳಿದು 1911ರಲ್ಲಿ ಅದನ್ನು ವಾಪಸ್ ತೆಗೆಸಿದ್ದು. 1909ರ ಮಾರ್ಲೆ-ಮಿಂಟೋ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ಮುಸ್ಲಿಂ ಅಭ್ಯರ್ಥಿಯನ್ನು ಮುಸ್ಲಿಮರೇ ಆರಿಸುವ ಕ್ಷೇತ್ರ, ಬಂದಿದ್ದು. ಅಲ್ಲಿಂದ ಮುಂದೆ ಅಭ್ಯರ್ಥಿಗೆ ಇನ್ನೊಂದು ಧರ್ಮದವರ ಮನೆ ಬಾಗಿಲು ತಟ್ಟುವ ಅಗತ್ಯವೇ ಇರಲಿಲ್ಲ. 1946ರ ಚುನಾವಣೆಯನ್ನು ಜನರ ತೀರ್ಪು ಅನ್ನುತ್ತೇವೆ. ಆಗ ಎಲ್ಲರಿಗೂ ಮತ ಇರಲಿಲ್ಲ. ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ. ಕೂಲಿಯವರನ್ನೂ ಬಡ ಗೇಣಿದಾರರನ್ನೂ ಬಹುಪಾಲು ಯಾರೂ ಕೇಳಿರಲಿಲ್ಲ. ಮನೆ ಬಿಟ್ಟು ಓಡಿದವರಲ್ಲಿ ಅವರೇ ಎಷ್ಟೊಂದು ಮಂದಿ.

ಇದೇ ಬ್ರಿಟನ್ ಐರ್ಲೆಂಡನ್ನು ಒಡೆದ ಕಾನೂನು 1920ರದ್ದು. ಪ್ಯಾಲೆಸ್ಟೈನ್ ವಿಭಜನೆಗೆ ವಿಶ್ವಸಂಸ್ಥೆ ಮತ ಹಾಕಿದ್ದು 1947ರ ನವೆಂಬರ್ 29ರಂದು, ನಮ್ಮ ಗೆರೆ ಬಿದ್ದು ಮೂರೂವರೆ ತಿಂಗಳಿಗೆ. ಅದೂ ಬ್ರಿಟಿಷರು ಬಿಟ್ಟು ಹೊರಡುತ್ತಿದ್ದ ನೆಲವೇ. ಈ ಮೂರನ್ನೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟರೆ ಸಾಕು, ಇದು ನಮ್ಮ ಎರಡು ಧರ್ಮಗಳ ಜಗಳ ಮಾತ್ರ ಅಲ್ಲ ಅಂತ ಹದಿನೈದು ವರ್ಷದ ಮಗುವಿಗೂ ಹೊಳೆಯುತ್ತದೆ.

ಪಾಠ ಆಗಸ್ಟ್ 1947ಕ್ಕೆ ನಿಂತುಬಿಡುತ್ತದೆ ಅನ್ನುವುದು ನನ್ನ ದೊಡ್ಡ ತಕರಾರು. ಆ ಗೆರೆ ಅಲ್ಲಿಗೆ ನಿಲ್ಲಲಿಲ್ಲ.

ಹೆಣ್ಣುಮಕ್ಕಳ ವಿಷಯ ನೋಡಿ. ಎರಡೂ ಕಡೆ ಸೇರಿ ಸುಮಾರು 75 ಸಾವಿರ ಹೆಂಗಸರನ್ನು ಹೊತ್ತೊಯ್ದಿದ್ದರು ಅನ್ನುವ ಅಂದಾಜಿದೆ. 1947ರ ಡಿಸೆಂಬರಿನಲ್ಲಿ ಎರಡೂ ಸರ್ಕಾರಗಳು ಅವರನ್ನು ಹುಡುಕಿ ವಾಪಸ್ ಕಳಿಸುವ ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತ ಅದಕ್ಕೆ ಕಾನೂನನ್ನೂ ತಂತು. ಉದ್ದೇಶ ಒಳ್ಳೆಯದೇ. ಮೃದುಲಾ ಸಾರಾಭಾಯಿ, ಅನೀಸ್ ಕಿದ್ವಾಯಿ, ಕಮಲಾಬೆನ್ ಪಟೇಲ್ ಅವರಂಥವರು ಅದಕ್ಕಾಗಿ ಜೀವ ಸವೆಸಿದರು. ಸುಮಾರು 30 ಸಾವಿರ ಹೆಂಗಸರನ್ನು ಹುಡುಕಿ ತಂದರು. ಆದರೆ ಆ ಕಾನೂನಿನಲ್ಲಿ ಹೆಂಗಸಿನ ಇಷ್ಟಕ್ಕೆ ಜಾಗ ಇರಲಿಲ್ಲ. ಎರಡು ವರ್ಷದಿಂದ ಒಂದು ಮನೆಯಲ್ಲಿ ನೆಲೆ ನಿಂತು, ಮಗು ಹೆತ್ತು, ನಾನು ಹೋಗಲ್ಲ ಅಂತ ಅತ್ತರೂ ಕಳಿಸಿದರು. ಆಕೆ ಯಾವ ದೇಶದವಳು ಅಂತ ತೀರ್ಮಾನ ಮಾಡಿದ್ದು ಆಕೆಯ ಧರ್ಮ. ಹೋದ ಮೇಲೆ ತವರಿನವರು ಬಾಗಿಲು ತೆಗೆಯದ ಸಂಗತಿಗಳೂ ಇವೆ. ಒಬ್ಬ ಹೆಣ್ಣುಮಗಳನ್ನು ಎರಡು ಸಲ ಕಿತ್ತು ನೆಟ್ಟ ಹಾಗಾಯಿತು. ಇದನ್ನು ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳುವುದು ಕಷ್ಟ ಅಂತ ನೀವು ಅನ್ನಬಹುದು. ನಾನು ಹೇಳಿದೆ. ಹುಡುಗಿಯರು ಕೇಳಿದಷ್ಟು ಗಮನ ಕೊಟ್ಟು ಬೇರೆ ಯಾವ ಪಾಠವನ್ನೂ ಕೇಳಿರಲಿಲ್ಲ.

ಛಿಟ್‌ಮಹಲ್‌ಗಳ, ಅಂದರೆ ಒಂದು ದೇಶದೊಳಗೆ ಸಿಕ್ಕಿಬಿದ್ದ ಇನ್ನೊಂದು ದೇಶದ ತುಂಡು ನೆಲಗಳ, ಕಥೆಯನ್ನಂತೂ ದಯವಿಟ್ಟು ಪುಸ್ತಕಕ್ಕೆ ತನ್ನಿ. ಉತ್ತರ ಬಂಗಾಳದ ಕೂಚ್ ಬಿಹಾರದ ರಾಜರಿಗೂ ಮೊಘಲರಿಗೂ ನಡೆದ ಹಳೇ ಒಪ್ಪಂದಗಳಿಂದಾಗಿ ಒಬ್ಬರ ನೆಲದೊಳಗೆ ಇನ್ನೊಬ್ಬರ ಊರುಗಳು ಚೂರುಚೂರಾಗಿ ಉಳಿದಿದ್ದವು. ಇನ್ನೂರು ವರ್ಷ ಅದರಿಂದ ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ. ಒಂದೂರಿನ ಹೊಲ ಇನ್ನೊಂದೂರಿನ ಸರಹದ್ದಿನಲ್ಲಿ ಇರುವುದು ನಮ್ಮಲ್ಲೂ ಉಂಟಲ್ಲ, ಹಾಗೆ. 1947ರಲ್ಲಿ ಗೆರೆ ಬಿತ್ತು. 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರಿತು. ಅಷ್ಟೆ, ಆ ಚೂರುಗಳೆಲ್ಲ ವಿದೇಶವಾದವು. ಭಾರತದ 111 ತುಂಡು ಈಗಿನ ಬಾಂಗ್ಲಾದೇಶದ ಒಳಗೆ, ಅವರ 51 ತುಂಡು ನಮ್ಮೊಳಗೆ. ದಹಲಾ ಖಗ್ರಾಬಾಡಿ ಅನ್ನುವ ಒಂದು ಜಾಗ ಇತ್ತು. ಎರಡು ಎಕರೆಯೂ ಇಲ್ಲದ ಸೆಣಬಿನ ಹೊಲ. ಅದು ಭಾರತದ್ದು. ಅದರ ಸುತ್ತ ಬಾಂಗ್ಲಾದೇಶದ ಊರು. ಆ ಊರಿನ ಸುತ್ತ ಮತ್ತೆ ಭಾರತದ ತುಂಡು. ಅದರ ಸುತ್ತ ಬಾಂಗ್ಲಾದೇಶ. ಬೋರ್ಡಿನ ಮೇಲೆ ಬಿಡಿಸಿದಾಗ ಮಕ್ಕಳು ಮೊದಲು ನಕ್ಕರು.

ಆಮೇಲೆ ಅಲ್ಲಿ ಜನ ಹೇಗೆ ಬದುಕಿದರು ಅಂತ ಹೇಳಿದೆ. ಕರೆಂಟಿಲ್ಲ, ಸ್ಕೂಲಿಲ್ಲ, ಪೊಲೀಸ್ ಠಾಣೆ ಇಲ್ಲ. ಕಳ್ಳತನ ಆದರೆ ದೂರು ಕೊಡಲು ತಮ್ಮ ದೇಶಕ್ಕೆ ಹೋಗಬೇಕು, ಹೋಗಬೇಕಾದರೆ ಬೇರೆ ದೇಶವನ್ನು ದಾಟಬೇಕು, ದಾಟಲು ವೀಸಾ ಬೇಕು, ವೀಸಾ ಕೊಡುವ ಕಚೇರಿ ಗಡಿಯ ಆಚೆಗಿದೆ. ಬಸುರಿಯರು ಪಕ್ಕದ ಆಸ್ಪತ್ರೆಗೆ ಸೇರಲು ಅಲ್ಲಿಯ ಯಾರೋ ಪರಿಚಯದವರ ಹೆಸರನ್ನು ಗಂಡನ ಹೆಸರು ಅಂತ ಬರೆಸುತ್ತಿದ್ದರು. ಮಕ್ಕಳನ್ನು ಶಾಲೆಗೆ ಸೇರಿಸಲು ಬೇರೊಬ್ಬರ ಹೆಸರು ತಂದೆಯ ಜಾಗದಲ್ಲಿ. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಲಂ ಎಷ್ಟು ಮುಖ್ಯ ಅಂತ ನಮ್ಮ ಮಕ್ಕಳಿಗೆ ಗೊತ್ತು. ಆಗ ಯಾರೂ ನಗಲಿಲ್ಲ. ಇದನ್ನು ಸರಿಮಾಡಲು 1958ರಲ್ಲಿ ನೆಹರು ಮತ್ತು ಪಾಕಿಸ್ತಾನದ ಪ್ರಧಾನಿ ನೂನ್ ಒಪ್ಪಂದ, 1974ರಲ್ಲಿ ಇಂದಿರಾ ಮತ್ತು ಬಾಂಗ್ಲಾದೇಶದ ಪ್ರಧಾನಿ ಮುಜೀಬ್ ಒಪ್ಪಂದ. ಕೊನೆಗೆ ಸಂವಿಧಾನದ 100ನೇ ತಿದ್ದುಪಡಿಯಾಗಿ 2015ರ ಜುಲೈ 31ರ ಮಧ್ಯರಾತ್ರಿ ಆ ತುಂಡುಗಳ ವಿನಿಮಯ ಆಯಿತು. 50 ಸಾವಿರಕ್ಕೂ ಹೆಚ್ಚು ಜನ ಅವತ್ತು ಮೊದಲ ಸಲ ತಾವು ನಿಂತ ನೆಲದ ಪ್ರಜೆಗಳಾದರು. ನನ್ನ ಕ್ಲಾಸಿನ ಮಕ್ಕಳು ಆಗಲೇ ಹುಟ್ಟಿದ್ದರು.

ನೀರಿನ ಕಥೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಕಾವೇರಿಯ ಬಗ್ಗೆ 1892ರಲ್ಲಿ, 1924ರಲ್ಲಿ ಮೈಸೂರು ಮದ್ರಾಸುಗಳ ನಡುವೆ ಆದ ಒಪ್ಪಂದಗಳ ಬಿಸಿ ಇನ್ನೂ ಆರಿಲ್ಲ. ಪಂಜಾಬಿನಲ್ಲಿ ಗೆರೆ ಕಾಲುವೆಗಳನ್ನೇ ಕತ್ತರಿಸಿತು. ನೀರು ಬಿಡುವ ಗೇಟು ಈ ಕಡೆ, ಹೊಲ ಆ ಕಡೆ. 1948ರ ಏಪ್ರಿಲ್ 1ಕ್ಕೆ ಹಳೇ ಕರಾರು ಮುಗಿದ ಕೂಡಲೇ ಪೂರ್ವ ಪಂಜಾಬ್ ನೀರು ನಿಲ್ಲಿಸಿತು. 1960ರಲ್ಲಿ ಸಿಂಧೂ ಒಪ್ಪಂದ ಆಯಿತು, ಯುದ್ಧಗಳ ನಡುವೆಯೂ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ ಭಾರತ ಅದನ್ನು ತಡೆಹಿಡಿಯಿತು. ಟಿವಿಯಲ್ಲಿ ಆ ಸುದ್ದಿ ಬಂದಾಗ ಮಕ್ಕಳಿಗೆ ಅದರ ಬೇರು ಎಲ್ಲಿದೆ ಅಂತ ತೋರಿಸುವ ಒಂದು ಪುಟ ಪುಸ್ತಕದಲ್ಲಿ ಬೇಕಿತ್ತು.

ಪೂರ್ವದಲ್ಲಿ ಸೆಣಬಿನ ಹೊಲಗಳೆಲ್ಲ ಹೆಚ್ಚಾಗಿ ಆ ಕಡೆ ಹೋದವು, ಗಿರಣಿಗಳೆಲ್ಲ ಹೂಗ್ಲಿ ದಂಡೆಯಲ್ಲಿ ಈ ಕಡೆ ಉಳಿದವು. ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಬಹುಪಾಲು ಬೌದ್ಧರಾದ ಚಕ್ಮಾ ಜನ ಇದ್ದರು. ತಮ್ಮ ನೆಲ ಭಾರತಕ್ಕೆ ಅಂದುಕೊಂಡು ರಂಗಮಾಟಿಯಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ತೀರ್ಪು ಅವರನ್ನು ಪಾಕಿಸ್ತಾನಕ್ಕೆ ಹಾಕಿತು. ಮುಂದೆ ಕಪ್ತಾಯ್ ಅಣೆಕಟ್ಟಿನ ನೀರಲ್ಲಿ ಅವರ ಊರುಗಳು ಮುಳುಗಿದವು. 1964ರಲ್ಲಿ ಭಾರತಕ್ಕೆ ಬಂದು ಈಗಿನ ಅರುಣಾಚಲದಲ್ಲಿ ನೆಲೆ ನಿಂತವರ ಪೌರತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಒಂದಕ್ಕಿಂತ ಜಾಸ್ತಿ ಸಲ ಹತ್ತಿದೆ. ಅಸ್ಸಾಮಿನಲ್ಲಿ 2019ರ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಜ್ಜನ ಕಾಲದ ಕಾಗದ ತೋರಿಸಿ ಅಂದರೆ ನೆರೆಯಲ್ಲಿ ಮನೆಯೇ ಕೊಚ್ಚಿಹೋದವರು ಎಲ್ಲಿಂದ ತರಬೇಕು?

ಇದೆಲ್ಲ ಉತ್ತರದವರ ಕಥೆ, ನಮ್ಮ ಕನ್ನಡದ ಮಕ್ಕಳಿಗೆ ಇಷ್ಟೊಂದು ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಅಂತ ಕರೆಯುವ ಊರುಗಳಿವೆ. ಒಂದು, ಎರಡು, ಮೂರು ಅಂತ ನಂಬರೇ ಊರಿನ ಹೆಸರು. ಆರ್.ಎಚ್. ಅಂದರೆ ಪುನರ್ವಸತಿ. ಪೂರ್ವ ಬಂಗಾಳದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ಕುಟುಂಬಗಳನ್ನು ಸರ್ಕಾರ ದಂಡಕಾರಣ್ಯ, ಅಂಡಮಾನ್ ಹೀಗೆ ದೇಶದ ನಾನಾ ಮೂಲೆಗೆ ಕಳಿಸಿದಾಗ ಕೆಲವರು ಇಲ್ಲಿಗೆ ಬಂದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದರು. ಸಿಂಧನೂರಿನ ಕಡೆ ಕ್ಯಾಂಪ್ ಅಂದರೆ ಹೊರಗಿಂದ ಬಂದವರ ಊರು ಅಂತಲೇ ಮಾತು. ಆ ರಾಯಚೂರು ಜಿಲ್ಲೆ ಕೂಡ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದ ಮೇಲೆ. ಎಲ್ಲಿಯ ಪದ್ಮಾ ನದಿ, ಎಲ್ಲಿಯ ತುಂಗಭದ್ರೆ!

ಈ ಕ್ಯಾಂಪ್‌ಗಳ ಬಂಗಾಳಿಗಳಲ್ಲಿ ಬಹಳಷ್ಟು ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಗಾಗಿ ಅಲ್ಲಿಯ ಮಗು ಕನ್ನಡದಲ್ಲೇ ಓದಿ ಹತ್ತನೇ ಕ್ಲಾಸ್ ಪಾಸಾದರೂ ಜಾತಿ ಪ್ರಮಾಣಪತ್ರಕ್ಕೆ ಕೈ ಚಾಚುವಾಗ ಗೆರೆ ಅಡ್ಡ ಬರುತ್ತದೆ. ಕೆಲವರ ಕೈಗೆ ಭಾರತದ ಪೌರತ್ವದ ಪತ್ರ ಸಿಕ್ಕಿದ್ದೇ 2024ರಲ್ಲಿ. ಅರ್ಧ ಶತಮಾನ ಇಲ್ಲಿ ಗದ್ದೆ ಉತ್ತ ಮೇಲೆ. ಇಂಥ ಊರಿನ ಶಾಲೆಯಲ್ಲೂ ನೀವು ಬರೆದ ಪುಸ್ತಕವನ್ನೇ ಓದುತ್ತಾರೆ. ಆ ಮಗು ವಿಭಜನೆಯ ಪುಟ ತಿರುವಿದಾಗ ತನ್ನ ಅಜ್ಜಿ ಅಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನನಗೂ ತಡವಾಗಿ ಗೊತ್ತಾಯಿತು. ಬಾಬಾಸಾಹೇಬ್ ಅಂಬೇಡ್ಕರ್ 1946ರಲ್ಲಿ ಸಂವಿಧಾನ ಸಭೆಗೆ ಮೊದಲು ಆಯ್ಕೆಯಾಗಿದ್ದು ಬಂಗಾಳದಿಂದ. ಅವರನ್ನು ಗೆಲ್ಲಿಸಲು ಓಡಾಡಿದ್ದು ನಾಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್. ವಿಭಜನೆಯಿಂದ ಅಂಬೇಡ್ಕರ್ ಆ ಸ್ಥಾನ ಕಳೆದುಕೊಂಡರು. ಬಾಂಬೆಯಿಂದ ಮತ್ತೆ ಆಯ್ಕೆಯಾಗಿ ಬರಬೇಕಾಯಿತು. ಮಂಡಲ್ ಪಾಕಿಸ್ತಾನದಲ್ಲೇ ಉಳಿದು ಅಲ್ಲಿಯ ಮೊದಲ ಕಾನೂನು ಮಂತ್ರಿಯಾದರು. ದಲಿತರಿಗೂ ಮುಸ್ಲಿಂ ರೈತರಿಗೂ ಕಷ್ಟ ಒಂದೇ ಅನ್ನುವ ನಂಬಿಕೆ ಅವರದ್ದು. 1950ರಲ್ಲಿ ತಮ್ಮ ಜನರ ಮೇಲೆ ನಡೆದ ಹಿಂಸೆಯನ್ನು ತಡೆಯಲಾಗದೆ ರಾಜೀನಾಮೆ ಬರೆದು ಕಲ್ಕತ್ತಾಕ್ಕೆ ಬಂದರು. ಭಾರತದಲ್ಲೂ ಪಾಕಿಸ್ತಾನದಲ್ಲೂ ಮೊದಲ ಕಾನೂನು ಮಂತ್ರಿಗಳು ದಲಿತರೇ, ಅದೂ ಒಬ್ಬರನ್ನೊಬ್ಬರು ಬಲ್ಲವರು. ಈ ಒಂದು ಸಂಗತಿ ಸಾಕು, ನಾಲ್ಕು ದಿನ ಪಾಠ ಮಾಡಬಹುದು.

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಮುಂದಿನ ಸಲ ಪುಸ್ತಕ ಪರಿಷ್ಕರಿಸುವಾಗ ವಿಭಜನೆಗೆ ಒಂದು ಪೂರ್ತಿ ಅಧ್ಯಾಯ ಕೊಡಿ. ಯಾರು, ಎಷ್ಟು ದಿನದಲ್ಲಿ, ಯಾವ ಕಾಗದ ನೋಡಿ ಗೆರೆ ಎಳೆದರು ಅಂತ ಬರೆಯಿರಿ. ಸತ್ತವರ ಧರ್ಮ ಎಣಿಸಿ ಲೆಕ್ಕ ಚುಕ್ತಾ ಮಾಡುವ ಪಾಠ ಬೇಡ. ಆ ದಿನಗಳಲ್ಲಿ ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದವರು ಎರಡೂ ಕಡೆ ಇದ್ದರು, ಅವರಿಗೂ ಜಾಗ ಇರಲಿ. ಸಿಂಧನೂರಿನ ಕ್ಯಾಂಪ್‌ಗಳ ಹಿರಿಯರು ಇನ್ನೂ ಇದ್ದಾರೆ. ಅವರ ಹತ್ತಿರ ಕೂತು ಬರೆದುಕೊಳ್ಳುವ ಕೆಲಸವನ್ನು ಹತ್ತಿರದ ಶಾಲೆಯ ಮಕ್ಕಳಿಗೇ ಯೋಜನಾ ಕಾರ್ಯವಾಗಿ ಕೊಡಿ. ಇನ್ನು ಕೆಲವು ವರ್ಷ ಕಳೆದರೆ ಕೇಳಲು ಯಾರೂ ಸಿಗುವುದಿಲ್ಲ. ಪರೀಕ್ಷೆಗೆ ಎಷ್ಟು ಅಂಕ ಅಂತ ಆಮೇಲೆ ನೋಡೋಣ. ಬೇಕಾದರೆ ಒಂದೂ ಅಂಕ ಬೇಡ.

ನೀವು ಬರೆಯಲು ಕೂತಾಗ ಮುಂದಿಟ್ಟುಕೊಳ್ಳಲಿ ಅಂತ ನನ್ನ ಕ್ಲಾಸಿನ ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟ ಕೆಲವು ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಹಾಕುತ್ತಿದ್ದೇನೆ. ಮನೆಗೆ ಬೀಗ ಹಾಕಿ ಹೋದವರು ಬೀಗದ ಕೈ ಯಾರ ಹತ್ತಿರ ಕೊಟ್ಟು ಹೋದರು? ದನಕರು ಏನಾದವು? ಶಾಲೆಯಲ್ಲಿ ಅರ್ಧ ಮಕ್ಕಳು ಹೋದ ಮೇಲೆ ಉಳಿದವರಿಗೆ ಪಾಠ ಮಾಡಿದರಾ? ಗೆರೆ ಎಳೆದವರಿಗೆ ಆಮೇಲೆ ನಿದ್ದೆ ಬರುತ್ತಿತ್ತಾ? ಸ್ಕೇಲ್ ಇಟ್ಟು ಅಳೆದ ಆ ಹುಡುಗಿಯ ಚೀಟಿ ಕೊನೆಯಲ್ಲಿತ್ತು: "ಆಗಸ್ಟ್ 16ನೇ ತಾರೀಕು ಮಾಲ್ಡಾದಲ್ಲಿ ಒಂದು ಮಗು ಹುಟ್ಟಿದ್ರೆ, ಅದರ ಜನನ ಪ್ರಮಾಣಪತ್ರದಲ್ಲಿ ಯಾವ ದೇಶ ಅಂತ ಬರೀತಿದ್ರು ಮಿಸ್?"

ಇಂತಿ ನಿಮ್ಮ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ